ಮುಂದಿನ ವಾರಕ್ಕೆ ಬಾಕಿ ಒಯ್ಯುವಂತಿಲ್ಲ

"ಮೇಡಂ, ನಿನ್ನೆ ಬೆಳಿಗ್ಗೆ ಬೆಟ್ಟದ ರಸ್ತೇಲಿ ಸೈಕಲ್ ತುಳೀತಿದ್ರಂತೆ?"

ಫೋನಿನಲ್ಲಿದ್ದವರು ನಮ್ಮ ಹಳೆಯ ಕ್ಲೈಂಟು. ಹಾರ್ಡ್‌ವೇರ್ ಅಂಗಡಿ ಇದೆ. ಹೌದು ಅಂದೆ.

"ಒಳ್ಳೇದು ಮೇಡಂ, ಆರೋಗ್ಯಕ್ಕೆ ಒಳ್ಳೇದು. ಮತ್ತೆ ನಮ್ಮ ಆಡಿಟ್ ಎಲ್ಲಿಗೆ ಬಂತು?"

ಮೈಸೂರಿನಂಥ ಊರಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದುಕೊಂಡು ಸೈಕಲ್ ರೇಸಿಗೆ ತಯಾರಾಗುವ ಮೊದಲ ತೊಂದರೆ ಇದೇ. ಬೆಂಗಳೂರಾದರೆ ಹೆಲ್ಮೆಟ್ ಹಾಕಿದ ಮೇಲೆ ಯಾರು ಯಾರೋ. ಇಲ್ಲಿ ಹಾಲಿನ ಬೂತಿನವರು, ವಾಕಿಂಗ್ ಬರುವ ರಿಟೈರ್ಡ್ ಮೇಷ್ಟ್ರು, ಹರಕೆ ಹೊತ್ತು ಬೆಟ್ಟದ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವವರು, ಎಲ್ಲರೂ ಯಾರದೋ ಪರಿಚಯದವರು. ಡಾಕ್ಟರು ಬೆಳಿಗ್ಗೆ ಬ್ಯಾಡ್ಮಿಂಟನ್ ಆಡಿದರೆ ಯಾರೂ ಏನೂ ಅನ್ನುವುದಿಲ್ಲ. ಸೆಪ್ಟೆಂಬರಿನಲ್ಲಿ ಸಿಎ ಸೈಕಲ್ ತುಳಿದರೆ ಮಾತ್ರ ನಾಲ್ಕು ಜನ ಗಡಿಯಾರ ನೋಡಿಕೊಳ್ಳುತ್ತಾರೆ.

ನನಗೆ ನಲವತ್ತೆರಡು. ಚಿಕ್ಕಂದಿನಲ್ಲಿ ಅಪ್ಪನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದವಳು. ಆಮೇಲೆ ಇಪ್ಪತ್ತೈದು ವರ್ಷ ಸೈಕಲ್ ಮುಟ್ಟಿರಲಿಲ್ಲ. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ರೋಡ್ ಬೈಕ್ ತೆಗೆದುಕೊಂಡೆ. ಅಲ್ಯುಮಿನಿಯಂ, ಒಂಬತ್ತೂವರೆ ಕೆಜಿ. ಭಾನುವಾರ ಶ್ರೀರಂಗಪಟ್ಟಣದವರೆಗೆ ಹೋಗಿ ದೋಸೆ ತಿಂದು ಬರುವ ಗುಂಪು ಸಿಕ್ಕಿತು. ಹಾಗೇ ಇದ್ದಿದ್ದರೆ ಚೆನ್ನಾಗಿತ್ತು. 2025ರ ಮೇ ತಿಂಗಳಲ್ಲಿ ಆ ಗುಂಪಿನವಳೊಬ್ಬಳು "ನವೆಂಬರಿನಲ್ಲಿ ನಂದಿ ಬೆಟ್ಟ ಹತ್ತೋ ರೇಸಿದೆ, ಹೆಂಗಸರಿಗೆ ಬೇರೆ ಕೆಟಗರಿ, ಬರ್ತೀಯಾ?" ಅಂದಳು. ಸುಮ್ನೆ ಒಂದು ಸಲ ಹೋಗಿ ಹತ್ತಿ ನೋಡಿದೆವು. ಬುಡದಿಂದ ಗೇಟಿನವರೆಗೆ ಸುಮಾರು ಏಳೂವರೆ ಕಿಲೋಮೀಟರ್ ರಸ್ತೆ, ಹೆಚ್ಚುಕಮ್ಮಿ 400 ಮೀಟರ್ ಏರು. ನನಗೆ 44 ನಿಮಿಷ ಹಿಡಿಯಿತು. ಎರಡು ಕಡೆ ಕಾಲು ಕೆಳಗಿಟ್ಟಿದ್ದೆ. 35 ನಿಮಿಷಕ್ಕೆ ಹತ್ತಬೇಕು ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಆರು ತಿಂಗಳಿದೆಯಲ್ಲ, ಏನು ಮಹಾ ಅಂತ.

ಆ ಆರು ತಿಂಗಳು ಯಾವುವು ಅಂತ ಅಲ್ಲಿ ನಿಂತಾಗ ಹೊಳೆಯಲಿಲ್ಲ ನೋಡಿ. ನಮ್ಮ ಕ್ಯಾಲೆಂಡರಿನಲ್ಲಿ ತಿಂಗಳಿಗೆ ಎರಡು ಸಲ ಹೇಗೂ ಜ್ವರ ಬರುತ್ತದೆ: 11ಕ್ಕೆ ಒಂದು ಜಿಎಸ್‌ಟಿ ರಿಟರ್ನು, 20ಕ್ಕೆ ಇನ್ನೊಂದು. ಅದರ ಮೇಲೆ ಜುಲೈ 31ಕ್ಕೆ ಸಾಮಾನ್ಯ ಆದಾಯ ತೆರಿಗೆ ರಿಟರ್ನು, ಸೆಪ್ಟೆಂಬರ್ 30ಕ್ಕೆ ವ್ಯಾಪಾರದವರ ಲೆಕ್ಕ ಪರಿಶೀಲಿಸಿ ಕೊಡುವ ಟ್ಯಾಕ್ಸ್ ಆಡಿಟ್ಟು, ಅಕ್ಟೋಬರ್ 31ಕ್ಕೆ ಆಡಿಟ್ ಆದವರ ರಿಟರ್ನು. ಆ ವರ್ಷ ಸಾಮಾನ್ಯ ರಿಟರ್ನುಗಳ ಗಡುವನ್ನು ಮೇ ಕೊನೆಯಲ್ಲೇ ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರು. ಜುಲೈ ಹಗುರಾಯಿತು ಅಂತ ಖುಷಿಪಟ್ಟೆ. ಇಷ್ಟು ವರ್ಷ ಕೆಲಸ ಮಾಡಿಯೂ ಖುಷಿಪಟ್ಟೆ ಅನ್ನುವುದು ನಾಚಿಕೆಯ ವಿಷಯ. ಗಡುವು ಮುಂದೆ ಹೋದರೆ ಕಾಗದ ತಂದುಕೊಡುವವರೂ ಅಷ್ಟೇ ಮುಂದೆ ಹೋಗುತ್ತಾರೆ. ಸೆಪ್ಟೆಂಬರಿಗೆ ರಿಟರ್ನು, ಟ್ಯಾಕ್ಸ್ ಆಡಿಟ್ಟು ಎರಡೂ ಒಂದರ ಮೇಲೊಂದು ಬಂದು ಕೂತವು.

ಲೆಕ್ಕದವಳಲ್ವಾ, ಮೊದಲು ಎಕ್ಸೆಲ್ ಶೀಟ್ ಮಾಡಿದೆ. ವಾರಕ್ಕೆ 168 ಗಂಟೆ. ಆಫೀಸಿಗೆ 60 ಕಳೆದೆ. ದಿನಕ್ಕೆ ಏಳು ಗಂಟೆಯಂತೆ ನಿದ್ದೆಗೆ 49. ಉಳಿದದ್ದು 59. ಸೈಕಲ್ಲಿಗೆ ಬೇಕಾದದ್ದು ಆರೇ ಆರು. ಶೀಟಿನಲ್ಲಿ ಎಷ್ಟು ಸಲೀಸಾಗಿತ್ತು ಅಂದರೆ ಹತ್ತು ಗಂಟೆ ಮಾಡಿದರೂ ಆಗುತ್ತದೆ ಅನ್ನಿಸಿತು. ಆದರೆ ಆ 59 ಗಂಟೆಯೂ ಚಿಲ್ಲರೆ. ಒಂದೇ ಒಂದು ನೋಟಿಲ್ಲ. ಕುಕ್ಕರ್ ಕೂಗುವ ತನಕ ಹತ್ತು ನಿಮಿಷ, ಮಗಳ ಟ್ಯೂಷನ್ ಬಿಡುವ ತನಕ ಇಪ್ಪತ್ತು ನಿಮಿಷ, ಅತ್ತೆಯ ಬಿಪಿ ಮಾತ್ರೆ ತರಲು ಹೋದಾಗ ಕ್ಯೂನಲ್ಲಿ ಹದಿನೈದು ನಿಮಿಷ. ಜೇಬು ತುಂಬಾ ಚಿಲ್ಲರೆ ಇಟ್ಟುಕೊಂಡು ಒಂದು ಸೀರೆ ಕೊಳ್ಳಲು ಹೋದ ಹಾಗೆ.

ಅದೂ ಸಹಿಸಬಹುದಿತ್ತು. ನಾನು ಮಾಡಿದ ನಿಜವಾದ ತಪ್ಪು ಬೇರೆ.

ವ್ಯಾಪಾರದಲ್ಲಿ ನಷ್ಟವಾದರೆ ಆದಾಯ ತೆರಿಗೆಯಲ್ಲಿ ಅದನ್ನು ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು. ಮುಂದೆ ಲಾಭ ಬಂದಾಗ ವಜಾ ಹಾಕಿಕೊಳ್ಳಬಹುದು. ದಿನಾ ಇದನ್ನೇ ಮಾಡುವವಳು ನಾನು. ಹಾಗಾಗಿ ಮಂಗಳವಾರದ ಟ್ರೈನಿಂಗ್ ತಪ್ಪಿದರೆ ಅದನ್ನು ಬುಧವಾರಕ್ಕೆ ಒಯ್ದೆ. ಬುಧವಾರ ಯಾರೋ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಬಂದರೆ ಎರಡನ್ನೂ ಗುರುವಾರಕ್ಕೆ ಒಯ್ದೆ. ಶನಿವಾರದ ಹೊತ್ತಿಗೆ ನಾಲ್ಕು ಗಂಟೆ ಬಾಕಿ. ಭಾನುವಾರ ಅಷ್ಟನ್ನೂ ಒಟ್ಟಿಗೆ ತೀರಿಸಿಬಿಡೋಣ ಅಂತ ಬೆಳಿಗ್ಗೆ ಐದಕ್ಕೆ ಹೊರಟು ನಂಜನಗೂಡು ದಾಟಿ ಗುಂಡ್ಲುಪೇಟೆಯ ಕಡೆಗೆ ಹೋಗಿ, ಮಧ್ಯಾಹ್ನ ಬಿಸಿಲಲ್ಲಿ ಬೇಯುತ್ತಾ ವಾಪಸ್ ಬಂದೆ. ಹೀಗೆ ಐದಾರು ವಾರ. ಪ್ರತಿ ಸೋಮವಾರ ಹಳೇ ಬಾಕಿ ಸೊನ್ನೆ, ಮೈಯೆಲ್ಲ ಜಜ್ಜಿದ ಹಾಗೆ. ಕಾಲು ನೋವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿ ಮುಂದೆ ಹೋದೆ. ಯಾವ ಬಾಬ್ತು ಅಂತ ಗೊತ್ತಾಗದ್ದನ್ನು ನಾವು ಹಾಕುವುದು ಅಲ್ಲಿಗೇ.

ಬೆಳಿಗ್ಗೆ ಎದ್ದ ತಕ್ಷಣ ನಾಡಿ 58 ಇರುತ್ತಿತ್ತು. ಆಗಸ್ಟ್ ಮೊದಲ ವಾರ 67 ತೋರಿಸಿತು. ವಾಚ್ ಸರಿ ಇಲ್ಲ ಅಂದುಕೊಂಡೆ. ಮಾರನೇ ವಾರ ಜ್ವರ ಬಂತು, ಗಂಟಲು ಕಟ್ಟಿತು, ಹನ್ನೆರಡು ದಿನ ಹೋಯಿತು. ಮಲಗಿದ್ದಾಗ ಅತ್ತೆ ಮೆಣಸಿನ ಸಾರು ತಂದಿಟ್ಟು ಹೇಳಿದ್ದು ಇಷ್ಟು: "ನಿಂಗೆ ಯಾರಾದ್ರೂ ಸಂಬಳ ಕೊಡ್ತಾರೇನಮ್ಮ ಇದಕ್ಕೆ?"

ಹಾಸಿಗೆಯಲ್ಲಿ ಬಿದ್ದುಕೊಂಡು ಓದಿದ ಎರಡು ವಿಷಯ ಹೇಳಬೇಕು. ಒಂದು, ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ಅನ್ನುವ ವ್ಯಾಯಾಮ ವಿಜ್ಞಾನಿಯದು. 2013ರಲ್ಲಿ ಬಂದ ಅಧ್ಯಯನ. ನಮ್ಮಂಥ ಹವ್ಯಾಸಿ ಸೈಕಲಿಸ್ಟುಗಳನ್ನೇ ತೆಗೆದುಕೊಂಡು ಬೇರೆ ಬೇರೆ ಗುಂಪು ಮಾಡಿದರು. ಒಂದು ಗುಂಪಿಗೆ ನಾಲ್ಕು ನಿಮಿಷದ ಜೋರು ಸವಾರಿ ನಾಲ್ಕು ಸಲ, ಇನ್ನೊಂದಕ್ಕೆ ಎಂಟು ನಿಮಿಷದ್ದು ನಾಲ್ಕು ಸಲ, ಮತ್ತೊಂದಕ್ಕೆ ಹದಿನಾರು ನಿಮಿಷದ್ದು ನಾಲ್ಕು ಸಲ. ಏಳು ವಾರದ ಕೊನೆಗೆ ಹೆಚ್ಚು ಸುಧಾರಿಸಿದ್ದು ಎಂಟು ನಿಮಿಷದವರು. ಪ್ರಾಣ ಹೋಗುವಷ್ಟು ತುಳಿದವರೂ ಅಲ್ಲ, ಗಂಟೆಗಟ್ಟಲೆ ತುಳಿದವರೂ ಅಲ್ಲ. ನಾಲ್ಕೆಂಟಲ ಮೂವತ್ತೆರಡು. ನಡುವಿನ ವಿರಾಮ ಸೇರಿಸಿದರೂ ಒಂದು ಗಂಟೆಯೊಳಗೆ ಮುಗಿಯುತ್ತದೆ. ನನ್ನ ಜೇಬಿನಲ್ಲಿ ಇರಬಹುದಾದ ಒಂದೇ ಒಂದು ನೋಟಿಗೆ ಸರಿಹೋಗುವ ಬೆಲೆ.

ಎರಡನೆಯದು ಇನ್ನೂ ಹತ್ತಿರದ್ದು. 2009ರಲ್ಲಿ ಸ್ಯಾಮ್ಯುಯೆಲ್ ಮಾರ್ಕೋರಾ ಅನ್ನುವ ಸಂಶೋಧಕರು ಮತ್ತು ಅವರ ಜೊತೆಯವರು 16 ಜನರನ್ನು ಒಂದು ದಿನ ತೊಂಬತ್ತು ನಿಮಿಷ ಕಂಪ್ಯೂಟರಿನ ಮುಂದೆ ಕೂರಿಸಿ ತಲೆ ತಿನ್ನುವ ಕೆಲಸ ಮಾಡಿಸಿದರು. ಇನ್ನೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ತೋರಿಸಿದರು. ಎರಡೂ ದಿನ ಆಮೇಲೆ ಸೈಕಲ್ ತುಳಿಸಿದರು, ಇನ್ನಾಗುವುದಿಲ್ಲ ಅನ್ನುವ ತನಕ. ಸಾಕ್ಷ್ಯಚಿತ್ರದ ದಿನ ಸರಾಸರಿ 754 ಸೆಕೆಂಡು ತುಳಿದರು. ತಲೆ ದಣಿದ ದಿನ 640. ಮಜಾ ಏನೆಂದರೆ ಹೃದಯ, ಸ್ನಾಯು ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಷ್ಟೇ ಭಾರ ಅವರಿಗೆ ಜಾಸ್ತಿ ಭಾರ ಅನ್ನಿಸಿತ್ತು, ಅಷ್ಟೇ.

ಓದಿ ಎದ್ದು ಕೂತೆ. ಅಲ್ಲ, ನನ್ನ ಕೆಲಸವೇ ಅದು. ತೊಂಬತ್ತು ನಿಮಿಷ ಅಲ್ಲ, ಹನ್ನೊಂದು ಗಂಟೆ. ಯಾರದೋ ಪರ್ಚೇಸ್ ಲೆಡ್ಜರು ಟ್ಯಾಲಿ ಆಗದೆ ಸಂಜೆ ಏಳೂವರೆಗೆ ಮನೆಗೆ ಬಂದು ಸೈಕಲ್ ಹತ್ತಿದರೆ ಕಾಲು ಬೇಡ ಅನ್ನುತ್ತಿತ್ತು. ಸೋಮಾರಿತನ ಅಂತ ನನ್ನನ್ನೇ ಬೈದುಕೊಂಡು ಇನ್ನೂ ಜೋರಾಗಿ ತುಳಿಯುತ್ತಿದ್ದೆ.

ಜ್ವರ ಬಿಟ್ಟ ಮೇಲೆ ಶೀಟ್ ಅಳಿಸಿ ಹಾಕಿದೆ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಎಂಟು ನಿಮಿಷದ ಏರು, ನಾಲ್ಕು ಸಲ. ಭಾನುವಾರ ಎರಡೂವರೆ ಗಂಟೆ ಆರಾಮದ ಸವಾರಿ, ಪಕ್ಕದವರ ಜೊತೆ ಮಾತಾಡುತ್ತಾ ಹೋಗುವಷ್ಟು ನಿಧಾನ. ಮಧ್ಯದಲ್ಲಿ ಸಮಯ ಸಿಕ್ಕರೆ ಒಂದು ನಿಧಾನದ ಗಂಟೆ, ಸಿಗದಿದ್ದರೆ ಇಲ್ಲ. ಮತ್ತೆ ಒಂದು ನಿಯಮ. ತಪ್ಪಿದ್ದು ತಪ್ಪಿತು, ಮುಂದಕ್ಕೆ ಒಯ್ಯುವಂತಿಲ್ಲ. ರಿಟರ್ನನ್ನು ಗಡುವಿನೊಳಗೆ ಹಾಕದವರ ನಷ್ಟವೂ ಹಾಗೇ ಬಿದ್ದು ಹೋಗುತ್ತದೆ ಅಂತ ಇಪ್ಪತ್ತು ವರ್ಷದಿಂದ ಕ್ಲೈಂಟುಗಳಿಗೆ ಹೇಳಿದ್ದೇನೆ. ನನಗೆ ಹೇಳಿಕೊಂಡಿರಲಿಲ್ಲ.

ಇದು ಕೇಳಲು ಸುಲಭ. ಮಾಡಲು ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ತಪ್ಪಿಸಿದ ಶುಕ್ರವಾರದ ಮಾರನೇ ದಿನ ಸುಮ್ಮನೆ ಕಾಫಿ ಕುಡಿಯುತ್ತಾ ಪೇಪರ್ ಓದುವುದಿದೆಯಲ್ಲ, ಆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಎಂಟು ನಿಮಿಷದ ಏರಿಗೆ ನಮಗೆ ಚಾಮುಂಡಿ ಬೆಟ್ಟ ಇದೆ. ತಾವರೆಕಟ್ಟೆಯಿಂದ ಮೇಲಕ್ಕೆ ಎಂಟು ನಿಮಿಷ, ಕೆಳಕ್ಕೆ ಜಾರಿಕೊಂಡು ಬಂದು ಮತ್ತೆ ಮೇಲಕ್ಕೆ. ಆ ಎಂಟು ನಿಮಿಷ ಹೇಗಿರುತ್ತದೆ ಹೇಳುತ್ತೇನೆ. ಮೊದಲ ಎರಡು ನಿಮಿಷ ಸುಳ್ಳು ಹೇಳುತ್ತವೆ. ಎಷ್ಟು ಸುಲಭ, ಇನ್ನೂ ಒಂದು ಗೇರ್ ಗಟ್ಟಿ ಹಾಕು ಅನ್ನುತ್ತವೆ. ಕೇಳಬಾರದು. ಮೂರನೇ ನಿಮಿಷಕ್ಕೆ ಉಸಿರು ಬಾಯಿಗೆ ಬರುತ್ತದೆ. ನಾಲ್ಕರಲ್ಲಿ ಮಾತು ನಿಲ್ಲುತ್ತದೆ. ಐದು ಮತ್ತು ಆರು ಯಾರಿಗೂ ಬೇಡ. ಮಂಡಿ ಮೇಲಿನ ತೊಡೆಯ ಮಾಂಸ ಉರಿಯುತ್ತದೆ, ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಗುತ್ತದೆ. ಆಗ ಮುಂದಿನ ಚಕ್ರದಿಂದ ಒಂದು ಮಾರು ದೂರದ ಟಾರು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಏಳರಲ್ಲಿ ಇನ್ನೊಂದೇ ಅಂತ ಗೊತ್ತಾಗಿ ಎಲ್ಲಿಂದಲೋ ದಮ್ಮು ಬರುತ್ತದೆ. ಇಷ್ಟು ನಾಲ್ಕು ಸಲ. ಕೊನೆಯದೂ ಮೊದಲನೆಯದರಷ್ಟೇ ಮೇಲೆ ಮುಟ್ಟಿದರೆ ಪಾಸು. ಮೊದಲನೆಯದರಲ್ಲಿ ಮೆರೆದರೆ ನಾಲ್ಕನೆಯದರಲ್ಲಿ ಸಿಕ್ಕಿಬೀಳುತ್ತೀರಿ.

ಬೆಟ್ಟದ ಕಷ್ಟಗಳು ಬೇರೆ ಇವೆ. ಆಷಾಢ ಶುಕ್ರವಾರ ಅಲ್ಲಿ ಸೈಕಲ್ ನೆನೆಯಲೂಬಾರದು. ಖಾಸಗಿ ಗಾಡಿ ಬಿಡುವುದಿಲ್ಲ, ಲಲಿತಮಹಲ್ ಹತ್ತಿರದಿಂದ ಬಸ್ಸಿನ ಮೇಲೆ ಬಸ್ಸು. ದಸರಾ ಆ ವರ್ಷ ಹನ್ನೊಂದು ದಿನ. ಊರಿಗೆಲ್ಲ ದೀಪ, ರಸ್ತೆಗೆಲ್ಲ ಜನ. ಆಮೇಲೆ ಕೋತಿಗಳು. ಸೈಕಲ್ ಜರ್ಸಿಯ ಹಿಂದೆ ಸೊಂಟದ ಹತ್ತಿರ ಮೂರು ಜೇಬು ಇರುತ್ತವೆ. ಅದರಲ್ಲಿ ಎರಡು ಏಲಕ್ಕಿ ಬಾಳೆಹಣ್ಣು ಇಟ್ಟಿದ್ದೆ. ಮೂರನೇ ಏರು ಮುಗಿಸಿ ಹ್ಯಾಂಡಲ್ ಮೇಲೆ ತಲೆಯಿಟ್ಟು ಏದುಸಿರು ಬಿಡುತ್ತಿದ್ದಾಗ ಹಿಂದಿನಿಂದ ಯಾರೋ ಮೆಲ್ಲಗೆ ಎಳೆದ ಹಾಗಾಯಿತು. ಯಾರೋ ಪರಿಚಯದವರು ಅಂದುಕೊಂಡು ನಗುತ್ತಾ ತಿರುಗಿದೆ. ಅದು ಸಿಪ್ಪೆಯನ್ನು ಅಲ್ಲೇ ಬಿಸಾಕಿ ನನ್ನನ್ನೇ ನೋಡುತ್ತಾ ತಿಂದಿತು. ಅಂದಿನಿಂದ ಜೇಬಿಗೆ ಕಡಲೆ ಮಿಠಾಯಿ, ಖರ್ಜೂರ. ರೇಸಿನವರು ನೂರಾರು ರೂಪಾಯಿ ಕೊಟ್ಟು ಕೊಳ್ಳುವ ಸಕ್ಕರೆ ಜೆಲ್ಲು ಮಾಡುವ ಕೆಲಸವನ್ನು ಅವೂ ಮಾಡುತ್ತವೆ.

ಒಬ್ಬಳೇ ಕತ್ತಲಲ್ಲಿ ಹೊರಡುವ ವಿಷಯವನ್ನೂ ಬರೆಯಬೇಕು. ಗಂಡಸರು ಬರೆಯುವ ಟ್ರೈನಿಂಗ್ ಪಾಠಗಳಲ್ಲಿ ಇದಕ್ಕೆ ಒಂದು ಸಾಲೂ ಇರುವುದಿಲ್ಲ. ಅವರು ನಾಲ್ಕೂವರೆಗೆ ಎದ್ದರೆ ನಾಲ್ಕೂಮುಕ್ಕಾಲಿಗೆ ರಸ್ತೆಯಲ್ಲಿರುತ್ತಾರೆ. ನಾನು ಬೆಳಕು ಹರಿಯುವ ತನಕ ಕಾಯಬೇಕು, ಇಲ್ಲ ಜೊತೆ ಹುಡುಕಬೇಕು. ಆ ಮುಕ್ಕಾಲು ಗಂಟೆ ನನ್ನ ಆರು ಗಂಟೆಯಲ್ಲಿ ಯಾವಾಗಲೂ ಖೋತಾ. ಬೀದಿ ನಾಯಿಗಳ ವಿಷಯ ಬೇಡ, ಅವು ಗಂಡು ಹೆಣ್ಣು ನೋಡುವುದಿಲ್ಲ. ಬೆಳಕಿಲ್ಲದ ದಿನ, ಮಳೆಯ ದಿನ ಬಾಲ್ಕನಿಯಲ್ಲಿ ಟ್ರೈನರ್ ಸ್ಟ್ಯಾಂಡಿಗೆ ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುತ್ತಿದ್ದೆ. ಒಮ್ಮೆ ಹಾಗೇ ತುಳಿಯುವಾಗ ಆಫೀಸಿನ ಆರ್ಟಿಕಲ್ ಹುಡುಗ, ಅಂದರೆ ನಮ್ಮಲ್ಲಿ ಕೆಲಸ ಕಲಿಯುವ ಸಿಎ ವಿದ್ಯಾರ್ಥಿ, ಟ್ಯಾಕ್ಸ್ ಆಡಿಟ್ಟಿನ ತ್ರೀಸಿಡಿ ಫಾರಂ ಬಗ್ಗೆ ಏನೋ ಕೇಳಲು ಫೋನ್ ಮಾಡಿದ. ಎರಡು ವಾಕ್ಯ ಹೇಳುವಷ್ಟರಲ್ಲಿ ಅವನು ಗಾಬರಿಯಾಗಿ, "ಮೇಡಂ, ಹುಷಾರಿದ್ದೀರಾ? ಸರ್‌ಗೆ ಫೋನ್ ಮಾಡ್ಲಾ?" ಅಂದ.

ತೂಕದ ಲೆಕ್ಕವನ್ನು ಒಂದು ರಾತ್ರಿ ಕೂತು ಮಾಡಿದೆ. ಏರಿನಲ್ಲಿ ಶಕ್ತಿಯ ಬಹುಪಾಲು ಹೋಗುವುದು ಭಾರವನ್ನು ಮೇಲೆತ್ತುವುದಕ್ಕೆ. ನಾನು, ಸೈಕಲ್ಲು, ನೀರು ಎಲ್ಲ ಸೇರಿ ಎಪ್ಪತ್ತು ಕೆಜಿ. ಒಂದು ಕೆಜಿ ಇಳಿದರೆ ನಂದಿಯಲ್ಲಿ ಸುಮಾರು ಅರ್ಧ ನಿಮಿಷ ಉಳಿತಾಯ. ಒಂದು ಕೆಜಿ ಹಗುರದ ಚಕ್ರ ಕೊಳ್ಳಲು ಹೋದರೆ ಅರ್ಧ ಲಕ್ಷದ ಮಾತು. ನನ್ನ ಹೊಟ್ಟೆಯ ಮೇಲಿನ ಕೆಜಿ ಪುಕ್ಕಟೆ. ಈ ಲೆಕ್ಕವನ್ನು ಮನೆಯವರಿಗೆ ತೋರಿಸಿದೆ. ಅವರು ಮೈಸೂರು ಪಾಕಿನ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಇಟ್ಟರು. ನನ್ನ ಕೈಗೆ ಎಟುಕುವ ಶೆಲ್ಫೇ ಅದು, ಪಾಪ.

ಸೆಪ್ಟೆಂಬರ್ 25. ಆಡಿಟ್ ಗಡುವಿಗೆ ಐದು ದಿನ ಇರುವಾಗ ಅದನ್ನು ಅಕ್ಟೋಬರ್ 31ಕ್ಕೆ ಮುಂದೂಡಿದ ಸುದ್ದಿ ಬಂತು. ಆಫೀಸಿನಲ್ಲಿ ಹುಡುಗರು ಚಪ್ಪಾಳೆ ತಟ್ಟಿದರು. ವರ್ಷವೆಲ್ಲ ಗಡುವು ಮುಂದೂಡಿ ಅಂತ ಬೇಡುವವರು ನಾವೇ. ನಾನು ಮಾತ್ರ ಕ್ಯಾಲೆಂಡರ್ ನೋಡುತ್ತಾ ಕೂತೆ. ಅಕ್ಟೋಬರ್ ನನ್ನ ಮುಖ್ಯ ತಿಂಗಳಾಗಬೇಕಿತ್ತು. ಹೇಗೋ ಹೊಂದಿಸಿದೆ. ವಾರಕ್ಕೆ ಎರಡಿದ್ದ ಏರು ಒಂದಾಯಿತು, ಭಾನುವಾರ ಉಳಿಯಿತು. ಅಕ್ಟೋಬರ್ 29ಕ್ಕೆ ಇನ್ನೊಂದು ಸುದ್ದಿ: ಆಡಿಟ್ ರಿಪೋರ್ಟಿಗೆ ನವೆಂಬರ್ 10, ರಿಟರ್ನಿಗೆ ಡಿಸೆಂಬರ್ 10. ನನ್ನ ರೇಸು ನವೆಂಬರ್ ಮೂರನೇ ಭಾನುವಾರ. ರೇಸಿಗೆ ಮುಂಚಿನ ಎರಡು ವಾರ ತುಳಿಯುವುದನ್ನು ಕಡಿಮೆ ಮಾಡಿ ನಿದ್ದೆ ಜಾಸ್ತಿ ಮಾಡಬೇಕು ಅನ್ನುವುದು ಪದ್ಧತಿ. ನಾನು ತುಳಿಯುವುದನ್ನು ಕಡಿಮೆ ಮಾಡಿದೆ. ನಿದ್ದೆಯನ್ನೂ ಕಡಿಮೆ ಮಾಡಿದೆ. ನವೆಂಬರ್ 10ರ ರಾತ್ರಿ ಹಾರ್ಡ್‌ವೇರಿನವರದ್ದು ಸೇರಿ ಕೊನೆಯ ನಾಲ್ಕು ಫೈಲು ಅಪ್‌ಲೋಡ್ ಆದಾಗ ಹನ್ನೊಂದೂ ಇಪ್ಪತ್ತು.

ಶನಿವಾರ ಯಲಹಂಕದ ತಂಗಿ ಮನೆಯಲ್ಲಿ ಉಳಿದೆ. ಭಾನುವಾರ ಬೆಳಿಗ್ಗೆ ನಂದಿಯ ಬುಡದಲ್ಲಿ ಮಂಜು, ಕೈ ಮರಗಟ್ಟುವ ಚಳಿ. ಒಬ್ಬೊಬ್ಬರನ್ನೇ ಅರ್ಧ ನಿಮಿಷಕ್ಕೊಮ್ಮೆ ಬಿಡುತ್ತಿದ್ದರು. ಗಂಡಸರ ಸಾಲಿನಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಮಾತು ಕೇಳುತ್ತಿತ್ತು. ನಮ್ಮ ರಾಜ್ಯದಲ್ಲಿ ಸೈಕಲ್ ರೇಸು ನಿಜವಾಗಿ ಇರುವುದು ಆ ಕಡೆ. ಸ್ಪೋರ್ಟ್ಸ್ ಹಾಸ್ಟೆಲ್ಲಿನಲ್ಲಿದ್ದು ಎರಡು ಹೊತ್ತು ತುಳಿಯುವ ಹುಡುಗರು, ರೈಲ್ವೆಯಲ್ಲಿ ಕೆಲಸ ಸಿಗಲಿ ಅಂತ ತುಳಿಯುವವರು. ಅವರ ಕಾಲಿನ ಮೀನಖಂಡ ನೋಡಿದರೆ ನನ್ನ ಎಕ್ಸೆಲ್ ಶೀಟಿನ ನೆನಪಾಗಿ ನಗು ಬಂತು.

ಸ್ಟಾರ್ಟಿನಲ್ಲಿ ಎರಡೂ ಕಾಲು ಪೆಡಲ್ಲಿಗೆ ಸಿಕ್ಕಿಸಿ ನಿಲ್ಲಬೇಕು, ಹಿಂದೆ ಒಬ್ಬರು ಸೀಟು ಹಿಡಿದಿರುತ್ತಾರೆ. ನನ್ನದನ್ನು ಹಿಡಿದವನು ಇಪ್ಪತ್ತರ ಹುಡುಗ. ನಾನು ನಡುಗುತ್ತಿದ್ದದ್ದು ಅವನ ಕೈಗೆ ಗೊತ್ತಾಯಿತು ಅಂತ ಕಾಣುತ್ತದೆ. "ಆರಾಮಾಗಿರಿ ಆಂಟಿ" ಅಂದ. ಆ ಆಂಟಿಯೇ ಎಡವಟ್ಟು ಮಾಡಿದ್ದು. ಕೈ ಬಿಟ್ಟ ತಕ್ಷಣ ಅವನಿಗೆ ತೋರಿಸುವವಳ ಹಾಗೆ ನಿಂತುಕೊಂಡು ತುಳಿದೆ. ಒಂದು ಕಿಲೋಮೀಟರ್ ಮುಗಿಯುವ ಮುಂಚೆ ನಾಡಿ 178. ಮೂರು ತಿಂಗಳು ಬೆಟ್ಟದ ಬುಡದಲ್ಲಿ ನಿಂತು ಕಲಿತದ್ದೆಲ್ಲ ಮೂರು ನಿಮಿಷದಲ್ಲಿ ಹೋಯಿತು.

ನಡುವಿನ ಭಾಗ ಸರಿಯಾಗಿ ನೆನಪಿಲ್ಲ. ಒಬ್ಬಳು ಹುಡುಗಿ ಹಿಂದಿನಿಂದ ಬಂದು ಉಸಿರಿನ ಸದ್ದೂ ಇಲ್ಲದೆ ದಾಟಿ ಹೋದಳು. ಒಂದು ತಿರುವಿನಲ್ಲಿ ಮೇ ತಿಂಗಳಲ್ಲಿ ಕಾಲು ಕೆಳಗಿಟ್ಟಿದ್ದ ಕಲ್ಲು ಕಂಡಿತು, ಅದನ್ನು ದಾಟಿದ್ದು ನೆನಪಿದೆ. ಗೇಟಿನ ಹತ್ತಿರದ ಕಡಿದಾದ ತಿರುವುಗಳಲ್ಲಿ ಸೈಕಲ್ ನಡೆಯುವವರ ವೇಗಕ್ಕೆ ಬಂತು. ನಡೆದು ಬರುತ್ತಿದ್ದ ಕಾಲೇಜು ಹುಡುಗರು "ಅಮ್ಮಾ, ಇನ್ನೊಂದೇ ತಿರುವು" ಅಂತ ಕೂಗಿದರು. ಇನ್ನೂ ಎರಡಿತ್ತು.

36 ನಿಮಿಷ 48 ಸೆಕೆಂಡು. ನಮ್ಮ ಕೆಟಗರಿಯ ಹನ್ನೊಂದು ಜನರಲ್ಲಿ ಏಳನೆಯವಳು. 35ಕ್ಕೆ ಒಂದು ನಿಮಿಷ 48 ಸೆಕೆಂಡು ಬಾಕಿ. ಅದರಲ್ಲಿ ಎಷ್ಟು ಆ ಮೊದಲ ಕಿಲೋಮೀಟರಿನದು, ಎಷ್ಟು ಆಗಸ್ಟಿನ ಜ್ವರದ್ದು, ಎಷ್ಟು ಮೈಸೂರು ಪಾಕಿನದು ಅಂತ ಒಂದು ಹೆಡ್ಡಿನ ಕೆಳಗೂ ಹಾಕಲು ಹೋಗಲಿಲ್ಲ.

ಮೇಲೆ ಕಟ್ಟೆಯ ಮೇಲೆ ಕೂತೆ. ಮಂಜಿನಿಂದಾಗಿ ಕೆಳಗಿನ ಊರು ಏನೂ ಕಾಣುತ್ತಿರಲಿಲ್ಲ. ಕಡಲೆ ಮಿಠಾಯಿ ಬಿಚ್ಚಿ ಅರ್ಧ ತಿಂದೆ. ಫೋನ್ ತೆಗೆದರೆ ಹಾರ್ಡ್‌ವೇರಿನವರ ಮೂರು ಮಿಸ್ಡ್ ಕಾಲ್. ಭಾನುವಾರ ಬೆಳಿಗ್ಗೆ ಎಂಟೂ ಆಗಿಲ್ಲ. ಏನೋ ಅನಾಹುತ ಅಂತ ವಾಪಸ್ ಮಾಡಿದೆ.

"ಮೇಡಂ, ಇವತ್ತು ರೇಸ್ ಅಂತ ನಿಮ್ಮ ಆಫೀಸಿನ ಹುಡುಗ ಹೇಳ್ದ. ಎಷ್ಟು ನಿಮಿಷ ಆಯ್ತು?"

ಹೇಳಿದೆ. ಅವರಿಗೆ ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗಲಿಲ್ಲ. "ಭಾರೀ ಆಯ್ತಲ್ಲ ಮೇಡಂ" ಅಂದರು. ಒಂದು ಕ್ಷಣ ಸುಮ್ಮನಿದ್ದರು.

"ಅಂದ್ಹಾಗೆ ಮೇಡಂ, ಗೋಡೌನ್ ಕ್ಲೀನ್ ಮಾಡ್ತಾ ಇದ್ವಿ. ಹೋದ ವರ್ಷದ್ದು ಎರಡು ಪರ್ಚೇಸ್ ಬಿಲ್ ಸಿಕ್ತು. ಅದನ್ನ ಈಗ ಸೇರಿಸಬಹುದಾ?"

ಅವರ ಆಡಿಟ್ಟಿಗೆ ನಾನು ಸಹಿ ಹಾಕಿ ಆರು ದಿನವಾಗಿತ್ತು. ಉಳಿದರ್ಧ ಕಡಲೆ ಮಿಠಾಯಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬಿದ್ದರೆ ಮಾತಾಡಬೇಕಿಲ್ಲ ಅಲ್ವಾ.